ರೋಮಾಪುರಿಯಲ್ಲೊಂದು ಬಾಡಿಗೆ ಮನೆ

ಮೂರು ತಿಂಗಳೊಳಗೆ ಮನೆ ಖಾಲಿ ಮಾಡಬೇಕೆಂದು ಮಾಲೀಕರು ಹೇಳಿಕಳುಹಿಸಿದ ದಿನ ಸಂಜೆ ನಾನು ಎಂದಿನಂತೆ ಮೇಷ್ಟ್ರ ಮನೆಯ ಜಗಲಿಗೆ ಹೋದೆ. ವಕೀಲರೂ, ನೀರು ಸರಬರಾಜಿನ ಕೆಲಸದಲ್ಲೇ ತಲೆ ನರೆಸಿಕೊಂಡು ನಿವೃತ್ತರಾದ ಇಂಜಿನಿಯರರೂ ಆಗಲೇ ಬಂದು ಕುಳಿತು, ಒಂದು ತಟ್ಟೆ ಕೋಡುಬಳೆಯಲ್ಲಿ ಮುಕ್ಕಾಲು ಪಾಲನ್ನು ಮುಗಿಸಿದ್ದರು. ನನ್ನ ಸಂಕಟಕ್ಕೆ ಮರುಗುವವರು ಆ ಕೂಟದಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ಹೇಳಿಕೊಂಡೆ. ಹೇಳಿಕೊಳ್ಳುವ ಭರದಲ್ಲಿ, ಅಮೃತಶಿಲೆಯ ಕಂಬ, ಕಾರಂಜಿ, ಬಿಟ್ಟಿ ಗೋಧಿ ಎಲ್ಲವೂ ಇದ್ದ ಆ ಹಳೆಯ ರೋಮಿನಲ್ಲಿ ಹುಟ್ಟಿದ್ದರೆ ಈ ಪಾಡು ಇರುತ್ತಿರಲಿಲ್ಲ ಎಂದು ಬಾಯಿತಪ್ಪಿ ಅಂದುಬಿಟ್ಟೆ.

ಜೀವಮಾನವೆಲ್ಲ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಹೇಳಿದ ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. "ಹಾಗಾದರೆ ಇವತ್ತು ನಿಮಗೆ ರೋಮಿನಲ್ಲೇ ಒಂದು ಮನೆ ಹುಡುಕೋಣ" ಎಂದು ಕನ್ನಡಕ ಏರಿಸಿದರು. "ನೀವು ಚಿತ್ರಗಳಲ್ಲಿ ಕಂಡ ಕಂಬಗಳು ದೇವಾಲಯಗಳವು, ಇಲ್ಲವೇ 'ದೊಮುಸ್' ಎಂದು ಕರೆಯುತ್ತಿದ್ದ ಸಿರಿವಂತರ ಒಂಟಿ ಮನೆಗಳವು. ಕ್ರಿ.ಶ. 4ನೆಯ ಶತಮಾನದ ನಗರಪಟ್ಟಿಗಳಲ್ಲಿ ಅಂಥ ಮನೆಗಳು ಸುಮಾರು 1,790 ಇದ್ದರೆ, 'ಇನ್ಸುಲಾ' ಎಂಬ ಲೆಕ್ಕಕ್ಕೆ ಬರುವವು 46,000ಕ್ಕೂ ಹೆಚ್ಚು. ನೀವು ಕೊಡಬಲ್ಲ ಬಾಡಿಗೆಗೆ ಸಿಗುವುದು ಇನ್ಸುಲಾದಲ್ಲಿ ಒಂದು ಕೋಣೆ. ನಮ್ಮ ಮಾತಿನಲ್ಲಿ ಅದು ವಠಾರ, ಆದರೆ ಒಂದರ ಮೇಲೊಂದು ಪೇರಿಸಿದ ವಠಾರ. ಇನ್ಸುಲಾ ಎಂದರೆ ಅವರ ಭಾಷೆಯಲ್ಲಿ ದ್ವೀಪ."

"ದ್ವೀಪವೆಂದ ಮೇಲೆ ಸುತ್ತ ನೀರಿರಬೇಕಲ್ಲ?" ಎಂದು ಇಂಜಿನಿಯರರು ಕೇಳಿದರು. ನೀರಿನ ಮಾತು ಬಂದಾಗ ತಾವೇ ಕರೆಯುವುದಾಗಿ ಮೇಷ್ಟ್ರು ಅವರನ್ನು ಸುಮ್ಮನಾಗಿಸಿದರು.

ಅಗಸ್ಟಸ್ ಚಕ್ರವರ್ತಿಯ ಕಾಲಕ್ಕೇ ಸುಮಾರು ಹತ್ತು ಲಕ್ಷ ಜನ ಆ ಊರಿನಲ್ಲಿ ಕಿಕ್ಕಿರಿದಿದ್ದುದರಿಂದ ಕಟ್ಟಡಗಳು ಮೇಲಕ್ಕೆ ಬೆಳೆಯದೆ ಬೇರೆ ದಾರಿಯಿರಲಿಲ್ಲವಂತೆ. ಎತ್ತರ 70 ಅಡಿ ಮೀರಬಾರದೆಂದು ಅಗಸ್ಟಸ್ ಕಟ್ಟಳೆ ಮಾಡಿದ. ನೂರು ವರ್ಷದ ಆಚೆ ಟ್ರೇಜನ್ ಚಕ್ರವರ್ತಿ ಅದನ್ನು 60ಕ್ಕೆ ಇಳಿಸಿದ. "ಒಂದೇ ಕಾನೂನನ್ನು ಎರಡು ಸಲ ಮಾಡಿದರೆಂದರೆ ಯಾರೂ ಅದನ್ನು ಪಾಲಿಸಿರಲಿಲ್ಲವೆಂದು ಅರ್ಥ" ಎಂದು ವಕೀಲರು ಅನುಭವದ ಮಾತಾಡಿದರು.

"ಯಾವ ಮಹಡಿ ಬೇಕು?" ಎಂದು ಮೇಷ್ಟ್ರು ಕೇಳಿದರು. ಗಾಳಿ ಬೆಳಕು ಚೆನ್ನಾಗಿರಲೆಂದು ನಾನು ಎಲ್ಲಕ್ಕಿಂತ ಮೇಲಿನದನ್ನೇ ಕೇಳಿದೆ. ಮೂವರೂ ನನ್ನನ್ನು ಕನಿಕರದಿಂದ ನೋಡಿದರು. ಲಿಫ್ಟು ಇಲ್ಲದ ಆ ಊರಿನಲ್ಲಿ ನೆಲಕ್ಕೆ ಹತ್ತಿರವಿದ್ದಷ್ಟೂ ಬಾಡಿಗೆ ಹೆಚ್ಚು. ಮೇಲೆ ಹೋದಂತೆಲ್ಲ ಗೋಡೆ ತೆಳ್ಳಗೆ, ಕೋಣೆ ಕಿರಿದು, ಬಾಡಿಗೆದಾರ ಬಡವ. ಕಿಟಕಿಗೆ ಗಾಜಿಲ್ಲ, ಮರದ ಹಲಗೆ ಇರುತ್ತಿತ್ತು. ಅದನ್ನು ಮುಚ್ಚಿದರೆ ಕತ್ತಲೆ, ತೆರೆದರೆ ಚಳಿ. ಜುವೆನಾಲ್ ಎಂಬ ವಿಡಂಬನಕಾರ ಕವಿ ಇಂಥ ಕೋಣೆಯ ಬಗ್ಗೆ ಬರೆಯುತ್ತಾ, ಕೆಳಗಿನ ಮಹಡಿಯವರು ಬೆಂಕಿ ಬಿತ್ತೆಂದು ಸಾಮಾನು ಹೊರಗೆಳೆಯುತ್ತಿದ್ದರೂ ಹೆಂಚಿನ ಕೆಳಗೆ, ಪಾರಿವಾಳಗಳು ಮೊಟ್ಟೆಯಿಡುವಲ್ಲಿ ಮಲಗಿದವನಿಗೆ ಸುದ್ದಿ ತಿಳಿಯುವುದಿಲ್ಲವಾದ್ದರಿಂದ ಅವನು ಎಲ್ಲರಿಗಿಂತ ಕೊನೆಯಲ್ಲಿ ಸುಡುತ್ತಾನೆ ಎಂದಿದ್ದಾನೆ. ರೋಮಿನ ಒಂದು ಕತ್ತಲೆ ಕೋಣೆಗೆ ವರ್ಷಕ್ಕೆ ತೆರುವ ಬಾಡಿಗೆಯಲ್ಲಿ ಸೋರ, ಫ್ರುಸಿನೊದಂಥ ಸಣ್ಣ ಊರುಗಳಲ್ಲಿ ಬಾವಿ, ಹಿತ್ತಲು ಸಮೇತ ಒಳ್ಳೆಯ ಮನೆಯನ್ನೇ ಕೊಳ್ಳಬಹುದೆಂಬ ಗೊಣಗಾಟವೂ ಅವನದೇ.

"ಮಾಲೀಕರಾದರೂ ಸಭ್ಯಸ್ಥರೇ?" ಎಂದು ವಿಚಾರಿಸಿದೆ.

"ಸಭ್ಯತೆಗೇನು ಕೊರತೆ? ಸಾಕ್ಷಾತ್ ಸಿಸೆರೊನನ್ನೇ ಗೊತ್ತುಮಾಡುತ್ತೇನೆ" ಎಂದರು ಮೇಷ್ಟ್ರು. ಆ ಮಹಾ ವಾಗ್ಮಿಗೆ ಆರ್ಗಿಲೆಟಮ್ ಬೀದಿಯಲ್ಲೂ ಅವೆಂಟೈನ್ ಗುಡ್ಡದಲ್ಲೂ ಬಾಡಿಗೆ ಬರುವ ಆಸ್ತಿಯಿತ್ತು. ಅಥೆನ್ಸಿನಲ್ಲಿ ಓದುತ್ತಿದ್ದ ಮಗನ ಖರ್ಚು ಅದರಿಂದಲೇ ಸಾಗುತ್ತಿತ್ತು. ಕ್ರಿ.ಪೂ. 44ರ ಏಪ್ರಿಲ್‌ನಲ್ಲಿ, ಸೀಸರನ ಕೊಲೆಯಾಗಿ ಒಂದು ತಿಂಗಳಾಗಿ ಊರೆಲ್ಲ ತಲ್ಲಣಿಸುತ್ತಿರುವಾಗ, ಆತ ಗೆಳೆಯ ಅಟ್ಟಿಕಸನಿಗೆ ಒಂದು ಕಾಗದ ಬರೆದ. ನನ್ನ ಎರಡು ಅಂಗಡಿಗಳು ಕುಸಿದುಬಿದ್ದಿವೆ, ಉಳಿದವು ಬಿರುಕು ಬಿಟ್ಟಿವೆ, ಬಾಡಿಗೆದಾರರಷ್ಟೇ ಅಲ್ಲ, ಇಲಿಗಳೂ ಜಾಗ ಖಾಲಿ ಮಾಡಿವೆ ಎಂಬುದು ಅದರ ಒಕ್ಕಣೆ. ಬೇರೆಯವರಾಗಿದ್ದರೆ ಇದನ್ನು ವಿಪತ್ತು ಎನ್ನುತ್ತಿದ್ದರು, ಸಾಕ್ರಟೀಸನ ದಯೆಯಿಂದ ನನಗೆ ಇದು ತೊಂದರೆಯೆಂದೂ ತೋರುತ್ತಿಲ್ಲ ಎಂದು ತತ್ತ್ವಜ್ಞಾನ ಹೇಳಿ, ಅದರ ಬೆನ್ನಿಗೇ ಈ ನಷ್ಟವನ್ನು ಲಾಭ ಮಾಡಿಕೊಳ್ಳುವಂಥ ಕಟ್ಟಡದ ಉಪಾಯವೊಂದು ಸಿಕ್ಕಿದೆಯೆಂದೂ ತಿಳಿಸಿದ. ಕುಸಿದ ಗೋಡೆಯ ಮುಂದೆ ನಿಂತು ಸಾಕ್ರಟೀಸನನ್ನು ನೆನೆಯುವುದು ಮನೆ ಮಾಲೀಕನಿಂದ ಮಾತ್ರ ಸಾಧ್ಯವೆಂದೂ, ಒಳಗಿದ್ದ ಬಾಡಿಗೆದಾರ ನೆನೆಯುವುದು ಮನೆದೇವರನ್ನೆಂದೂ ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಬಾಡಿಗೆ ಮನ್ನಾ ಎಂಬುದೂ ಒಮ್ಮೆ ನಡೆದಿತ್ತು" ಎಂದು ಮೇಷ್ಟ್ರು ಮುಂದುವರಿಸಿದರು. ಸೀಸರ್ ಅಧಿಕಾರಕ್ಕೆ ಬಂದ ಮೇಲೆ ರೋಮಿನಲ್ಲಿ 2,000 ಸೆಸ್ಟರ್ಷಿಯಸ್ ನಾಣ್ಯಗಳವರೆಗಿನ, ಇಟಲಿಯ ಉಳಿದೆಡೆ 500ರವರೆಗಿನ ಒಂದು ವರ್ಷದ ಬಾಡಿಗೆಯನ್ನು ಮಾಫಿ ಮಾಡಿದ. ಇದೇ ಸಿಸೆರೊ ಸೀಸರ್ ಸತ್ತ ವರ್ಷ ಮಗನಿಗೆಂದು ಬರೆದ ಕರ್ತವ್ಯದ ಕುರಿತ ಗ್ರಂಥದಲ್ಲಿ, ಪರರ ಮನೆಯಲ್ಲಿ ಬಿಟ್ಟಿ ಇರುವುದು ಎಂದರೇನು, ಕೊಂಡವನು ನಾನು, ಕಟ್ಟಿದವನು ನಾನು, ಅನುಭವಿಸುವವನು ನೀನೇ ಎಂದು ಸಿಡುಕಿದ. ಎರಡು ಸಾವಿರ ವರ್ಷ ಹಳೆಯದಾದ ಆ ವಾಕ್ಯ ನನಗೆ ಬಹಳ ಪರಿಚಿತವೆನಿಸಿತು. ಬೆಳಿಗ್ಗೆಯಷ್ಟೇ ಫೋನಿನಲ್ಲಿ ಕೇಳಿದ್ದೆ.

ಬೆಂಕಿಯ ಅಧ್ಯಾಯವನ್ನು ಮೇಷ್ಟ್ರು ಸವಿದು ಸವಿದು ಹೇಳಿದರು. ಮರದ ತೊಲೆ, ಇಕ್ಕಟ್ಟಿನ ಓಣಿ, ಕೋಣೆಗೊಂದು ಕೆಂಡದ ಅಗ್ಗಿಷ್ಟಿಕೆ ಇದ್ದಲ್ಲಿ ಬೆಂಕಿ ಬೀಳದಿದ್ದರೆ ಆಶ್ಚರ್ಯ. ಕ್ರಾಸಸ್ ಎಂಬ ಮಹಾ ಸಿರಿವಂತ ಕಟ್ಟಡ ಕೆಲಸ ಬಲ್ಲ 500ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಎಲ್ಲಾದರೂ ಬೆಂಕಿ ಬಿದ್ದರೆ ಉರಿಯುತ್ತಿರುವ ಮನೆಯನ್ನೂ, ಹೆದರಿ ನಿಂತ ನೆರೆಯವರ ಮನೆಗಳನ್ನೂ ಮೂರು ಕಾಸಿಗೆ ಕೊಂಡುಕೊಳ್ಳುತ್ತಿದ್ದ, ಹೀಗೆ ರೋಮಿನ ಬಹುಪಾಲು ಅವನ ಕೈಸೇರಿತು ಎಂದು ಜೀವನಚರಿತ್ರೆಕಾರ ಪ್ಲೂಟಾರ್ಕ್ ಬರೆದಿದ್ದಾನೆ. ಕ್ರಿ.ಶ. 6ರಲ್ಲಿ ಅಗಸ್ಟಸ್ ಏಳು ದಳಗಳ ಅಗ್ನಿಶಾಮಕ ಪಡೆಯನ್ನು ಕಟ್ಟಿದ ಮೇಲೂ, 64ರಲ್ಲಿ ನೀರೋನ ಕಾಲದ ಬೆಂಕಿ ನಗರದ 14 ವಿಭಾಗಗಳಲ್ಲಿ ಮೂರನ್ನು ನೆಲಸಮ ಮಾಡಿ, ಏಳನ್ನು ಅರೆಬರೆ ಸುಟ್ಟಿತು. ಆಗ ಅವನು ಪಿಟೀಲು ಬಾರಿಸುತ್ತಿದ್ದನೆಂಬ ಮಾತನ್ನು ನಾನು ಎತ್ತಿದಾಗ, ಪಿಟೀಲು ಹುಟ್ಟಲು ಆಗಿನ್ನೂ ಸಾವಿರದ ನಾನೂರು ವರ್ಷಗಳಿಗೂ ಹೆಚ್ಚು ಬಾಕಿಯಿತ್ತೆಂದು ಹೇಳಿ ಮೇಷ್ಟ್ರು ನನ್ನ ಬಾಯಿ ಮುಚ್ಚಿಸಿದರು.

"ಪ್ರತಿಯೊಬ್ಬ ಬಾಡಿಗೆದಾರನೂ ತನ್ನ ಮಹಡಿಯ ಕೋಣೆಯಲ್ಲಿ ನೀರು ತುಂಬಿಟ್ಟುಕೊಂಡಿರಬೇಕೆಂದು ರೋಮನ್ ಕಾನೂನೇ ಹೇಳುತ್ತದೆ" ಎಂದು ವಕೀಲರು ಈಗ ತಮ್ಮ ಕ್ಷೇತ್ರಕ್ಕೆ ಇಳಿದರು.

"ಆ ನೀರು ಮೇಲಕ್ಕೆ ಬರುವುದು ಹೇಗೆ?" ಎಂದು ಇಂಜಿನಿಯರರು ಕುರ್ಚಿಯ ತುದಿಗೆ ಬಂದರು.

"ಬೀದಿಯ ತೊಟ್ಟಿಯಿಂದ ತುಂಬಿಕೊಂಡು ಇವರೇ ಹೊತ್ತು ಹತ್ತಬೇಕು" ಎಂದು ಮೇಷ್ಟ್ರು ನನ್ನತ್ತ ಬೆರಳು ಮಾಡಿದರು.

ನೀರು ಬಂದೇಬಂದಿತಾದ್ದರಿಂದ ಇಂಜಿನಿಯರರನ್ನು ತಡೆಯುವವರು ಇರಲಿಲ್ಲ. ಕ್ರಿ.ಶ. 97ರಲ್ಲಿ ರೋಮಿನ ನೀರಿನ ಮೇಲ್ವಿಚಾರಕನಾದ ಫ್ರಾಂಟಿನಸನನ್ನು ಅವರು ಬಹಳ ವರ್ಷ ಒಟ್ಟಿಗೆ ದುಡಿದ ಸಹೋದ್ಯೋಗಿಯೆಂಬಂತೆ ಹೊಗಳಿದರು. ಅವನ ಕಾಲಕ್ಕೆ ಒಂಬತ್ತು ಮೇಲ್ಗಾಲುವೆಗಳು ದೂರದ ಬೆಟ್ಟಗಳಿಂದ ನೀರು ತರುತ್ತಿದ್ದವು. 700 ಗುಲಾಮರ ಎರಡು ತಂಡಗಳು ಅವುಗಳ ಕೆಲಸಕ್ಕಿದ್ದವು. ಈ ಕಾಲುವೆಗಳ ಮುಂದೆ ಈಜಿಪ್ಟಿನ ಪಿರಮಿಡ್ಡುಗಳು ಕೆಲಸಕ್ಕೆ ಬಾರದವೆಂದು ಅವನು ಬರೆದದ್ದುಂಟು. ಆದರೆ ಅಳತೆ ತೆಗೆದು ನೋಡಿದಾಗ ಕಾಲುವೆಯ ಮೂಲದಲ್ಲಿ ಹೊರಟ ನೀರಿಗೂ ಊರಿಗೆ ಮುಟ್ಟಿದ ನೀರಿಗೂ ತಾಳೆಯಾಗಲಿಲ್ಲ. ಖಾಸಗಿ ಮನೆಗೆ ನೀರು ಬೇಕಾದರೆ ಚಕ್ರವರ್ತಿಯ ಅಪ್ಪಣೆ ಬೇಕಿತ್ತು, ನಲ್ಲಿಯ ಕಂಚಿನ ಮೂತಿಗೆ ಅಳತೆಯ ಮುದ್ರೆ ಬೀಳಬೇಕಿತ್ತು. ನೀರುಗಂಟಿಗಳು ದೊಡ್ಡ ಮೂತಿಗೆ ಸಣ್ಣದರ ಲೆಕ್ಕ ಬರೆಯುತ್ತಿದ್ದರು. ಅಪ್ಪಣೆ ಮನೆಗಲ್ಲ, ವ್ಯಕ್ತಿಗೆ ಸೇರಿದ್ದರಿಂದ ಮಾಲೀಕ ಬದಲಾದಾಗ ತೊಟ್ಟಿಗೆ ಹೊಸ ತೂತು ಕೊರೆದು, ಹಳೆಯ ತೂತನ್ನು ಮುಚ್ಚದೆ ಅದರ ನೀರನ್ನು ತಾವೇ ಮಾರಿಕೊಳ್ಳುತ್ತಿದ್ದರು. ಬೀದಿಯ ಹಾಸುಗಲ್ಲಿನ ಅಡಿಯಲ್ಲಿ ಕಳ್ಳ ಕೊಳವೆಗಳು ಹರಿದಾಡಿ ದಾರಿಯುದ್ದಕ್ಕೂ ಅಂಗಡಿಗಳಿಗೆ ನೀರುಣಿಸುತ್ತಿದ್ದವು. ಅವುಗಳನ್ನು ಕಿತ್ತಾಗ ಸಿಕ್ಕ ಸೀಸವೇ ರಾಶಿಯಾಯಿತಂತೆ. ಇದನ್ನು ಹೇಳುವಾಗ ಇಂಜಿನಿಯರರ ಕಣ್ಣಲ್ಲಿ ಕೋಪಕ್ಕಿಂತ ಹೆಚ್ಚಾಗಿ, ಗೊತ್ತಿದ್ದ ಕಸುಬಿನ ಬಗ್ಗೆ ಇರುವ ಮೆಚ್ಚುಗೆಯೇ ಕಂಡಿತು.

ಮೇಲಕ್ಕೆ ಹೊತ್ತ ನೀರು ಕೆಳಕ್ಕೆ ಇಳಿಯುವ ಬಗೆ ಸುಲಭವಾಗಿತ್ತು: ಕಿಟಕಿಯಿಂದ ಸುರಿಯುವುದು. ರಾತ್ರಿ ಊಟಕ್ಕೆಂದು ಬೀದಿಗಿಳಿಯುವವನು ಉಯಿಲು ಬರೆದಿಟ್ಟೇ ಹೊರಡಬೇಕು, ಮೇಲಿನಿಂದ ಬರಿಯ ಕೊಳೆನೀರು ಬಿದ್ದರೆ ಪುಣ್ಯ, ಮಡಕೆಯೂ ಬರಬಹುದು ಎಂದು ಜುವೆನಾಲನೇ ಎಚ್ಚರಿಸಿದ್ದಾನೆ. ಇದಕ್ಕೂ ಕಾನೂನಿತ್ತೆಂದು ವಕೀಲರು ವಿವರಿಸಿದರು. ಎಸೆದ ಕೋಣೆಯಲ್ಲಿ ವಾಸವಿದ್ದವನು ಆದ ನಷ್ಟದ ಎರಡರಷ್ಟು ತೆರಬೇಕು. ಸ್ವತಂತ್ರ ಪ್ರಜೆ ಸತ್ತರೆ 50 ಚಿನ್ನದ ನಾಣ್ಯ. ಗಾಯವಾಗಿ ಬದುಕಿ ಉಳಿದರೆ ವೈದ್ಯರ ಖರ್ಚು, ತಪ್ಪಿದ ಕೂಲಿ ಸಿಗುತ್ತದೆ, ಆದರೆ ಮುಖದ ಮೇಲೆ ಉಳಿದ ಗುರುತಿಗೆ ಏನೂ ಸಿಗದು. ಏಕೆಂದರೆ ಸ್ವತಂತ್ರ ಮನುಷ್ಯನ ಶರೀರಕ್ಕೆ ಬೆಲೆ ಕಟ್ಟಲಾಗುವುದಿಲ್ಲ ಎಂದು ಅವರ ನ್ಯಾಯಶಾಸ್ತ್ರಜ್ಞರು ಹೇಳಿದ್ದರು.

"ಎಷ್ಟು ಉದಾತ್ತವಾದ ಮಾತು!" ಎಂದು ನಾನು ಉದ್ಗರಿಸಿದೆ.

"ಗುಲಾಮನ ತಲೆಯ ಮೇಲೆ ಬಿದ್ದರೆ ಆ ತೊಂದರೆಯಿಲ್ಲ" ಎಂದರು ವಕೀಲರು. "ಅವನ ಬೆಲೆ ಸಂತೆಯಲ್ಲಿ ಮೊದಲೇ ಗೊತ್ತಾಗಿರುತ್ತದೆ. ಎಷ್ಟು ಕಡಿಮೆಯಾಯಿತೋ ಅದರ ಎರಡರಷ್ಟನ್ನು ಎಣಿಸಿ ಕೊಡುವುದು, ಅವನಿಗಲ್ಲ, ಅವನ ಒಡೆಯನಿಗೆ." ಸ್ವಲ್ಪ ಹೊತ್ತು ಕೋಡುಬಳೆ ಮುರಿಯುವ ಸದ್ದೂ ಕೇಳಲಿಲ್ಲ.

ಮೌನವನ್ನು ಮುರಿಯಲೆಂದು, ರಾತ್ರಿಯಾದರೂ ನಿದ್ದೆ ಬರುತ್ತಿತ್ತೇ ಎಂದು ಕೇಳಿದೆ, ಅದೂ ತಪ್ಪಾಯಿತು. ಹಗಲಿನಲ್ಲಿ ಸರಕಿನ ಗಾಡಿಗಳು ಊರೊಳಗೆ ಬರಕೂಡದೆಂಬ ನಿಯಮ ಸೀಸರನ ಕಾಲದಿಂದ ಇದ್ದುದರಿಂದ ಅವೆಲ್ಲವೂ ಕತ್ತಲಾದ ಮೇಲೆ ಕಲ್ಲುಹಾಸಿನ ಮೇಲೆ ಗಡಗಡಿಸುತ್ತಿದ್ದವು. ಸ್ನಾನಗೃಹದ ಮೇಲಿನ ಬಿಡಾರದಲ್ಲಿದ್ದ ದಾರ್ಶನಿಕ ಸೆನೆಕಾ ಕೆಳಗಿನಿಂದ ಬರುವ ಸದ್ದುಗಳನ್ನೆಲ್ಲ ಒಂದು ಪತ್ರದಲ್ಲಿ ಪಟ್ಟಿಮಾಡಿದ್ದಾನೆ: ಸೀಸದ ತೂಕ ಎತ್ತುವವರ ಏದುಸಿರು, ಮೈ ತಿಕ್ಕುವವನ ಅಂಗೈ ಬಿದ್ದಾಗಿನ ಚಟಪಟ, ಕೊಳಕ್ಕೆ ಧುಮುಕುವವರ ಅಬ್ಬರ, ತಿಂಡಿ ಮಾರುವವರ ರಾಗಗಳು, ಕಂಕುಳ ಕೂದಲು ಕೀಳುವವನ ಕೀರಲು ಕೂಗು. ಆ ಕೂದಲು ಕೀಳುವವನು ಗಿರಾಕಿ ಸಿಕ್ಕಿ ತನ್ನ ಬದಲು ಆತ ಕಿರುಚುವವರೆಗೂ ಬಾಯಿ ಮುಚ್ಚುತ್ತಿರಲಿಲ್ಲ. ಮನಸ್ಸು ಶಾಂತವಾಗಿದ್ದವನಿಗೆ ಯಾವ ಗದ್ದಲವೂ ತಟ್ಟದೆಂದು ಪುಟಗಟ್ಟಲೆ ಉಪದೇಶಿಸಿದ ಸೆನೆಕಾ, ಪತ್ರದ ಕೊನೆಯಲ್ಲಿ ತಾನು ಬೇರೆ ಜಾಗಕ್ಕೆ ಹೋಗುತ್ತಿರುವುದಾಗಿ ಬರೆದ.

"ಹೋಗಲಿ, ಬಾಡಿಗೆ ಕಟ್ಟಲಾಗದಿದ್ದರೆ ಏನು ಮಾಡುತ್ತಾರೆ?" ಎಂದು ಕೊನೆಯ ಪ್ರಶ್ನೆ ಕೇಳಿದೆ.

ವಾಯಿದೆ ಮುಗಿಯುವ ದಿನ ಜುಲೈ 1. ಬಾಕಿಯಿದ್ದರೆ ಕೋಣೆಯ ಸಾಮಾನುಗಳೇ ಅಡವು. ಮಾಲೀಕ ಬಾಗಿಲಿಗೆ ಬೀಗ ಜಡಿದು ಹಿಡಿದುಕೊಳ್ಳಬಹುದಿತ್ತು. ಎರಡು ವರ್ಷದ ಬಾಕಿ ಉಳಿಸಿಕೊಂಡು ಆ ದಿನ ಬೀದಿಗೆ ಬಿದ್ದ ವಸೆರ್ರಾ ಎಂಬ ಬಡಪಾಯಿಯ ಮೆರವಣಿಗೆಯನ್ನು ಮಾರ್ಷಲ್ ಕವಿ ಕಂಡಂತೆ ಬಣ್ಣಿಸಿದ್ದಾನೆ. ಮುಂದೆ ಏಳೇ ಕೆಂಚುಗೂದಲು ಉಳಿದ ಹೆಂಡತಿ, ಜೊತೆಗೆ ತಾಯಿ, ಭಾರೀ ಗಾತ್ರದ ಸಹೋದರಿ. ಹೊರೆಯಲ್ಲಿ ಮೂರು ಕಾಲಿನ ಮಂಚ, ಎರಡು ಕಾಲಿನ ಮೇಜು, ಪಕ್ಕ ಒಡೆದು ಸೋರುತ್ತಿದ್ದ ಮೂತ್ರದ ಮಡಕೆ, ಬೋಳಾದ ಈರುಳ್ಳಿ ಬೆಳ್ಳುಳ್ಳಿಯ ಸರ. ಇದಿಷ್ಟನ್ನು ಕಂಡ ಮೇಲೆ ಮಾಲೀಕ ಅಡವಿನ ಹಕ್ಕನ್ನೇ ಬಿಟ್ಟುಕೊಟ್ಟಿರಬೇಕೆಂದು ವಕೀಲರು ತೀರ್ಪು ಕೊಟ್ಟರು.

"ಆಮೇಲೆ ಅವನಿಗೆ ಮನೆ ಸಿಕ್ಕಿತೇ?"

"ಬಿಟ್ಟಿ ಇರಬಹುದಾದ ಜಾಗ ಇರುವಾಗ ಬಾಡಿಗೆ ಮನೆ ಏಕೆ ಹುಡುಕುತ್ತೀಯಪ್ಪಾ, ನಿನ್ನ ಈ ಸಾಮಾನಿಗೆ ಸೇತುವೆಯೇ ಸರಿಯೆಂದು ಮಾರ್ಷಲ್ ದಾರಿ ತೋರಿಸಿದ" ಎಂದರು ಮೇಷ್ಟ್ರು.

ಇಂಜಿನಿಯರರು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಕೋಡುಬಳೆಯನ್ನು ಎತ್ತಿಕೊಂಡು, "ಅದನ್ನೇ ಗೊತ್ತುಮಾಡಿಬಿಡಿ, ನೀರಿನ ಅನುಕೂಲವಿದೆ" ಎಂದರು.