ಹಳೇ ಕಾರಿನ ಚಾಸಿಸ್ ನಂಬರ್ ಎಲ್ಲಿ ಹುಡುಕಬೇಕು, ಓದೋದು ಹೇಗೆ? ಗೊತ್ತಿದ್ದವರು ಹೇಳಿ

ನಿಧಾನ ಸವಾರ:
ಬಳಸಿದ ಕಾರೊಂದನ್ನು ನೋಡಿದ್ದೇನೆ, ಮನಸ್ಸಿಗೂ ಹಿಡಿಸಿದೆ. ಮಾರುವವರು ನೋಂದಣಿ ಪತ್ರದ ಫೋಟೊ ಕಳಿಸಿದ್ದಾರೆ. ಅದರಲ್ಲಿ ಎರಡು ನಂಬರ್ ಇವೆ, ಒಂದು ಉದ್ದ, ಒಂದು ಗಿಡ್ಡ. ಇವು ಗಾಡಿಯಲ್ಲಿ ಎಲ್ಲಿರುತ್ತವೆ? ಓದಿದರೆ ಏನಾದರೂ ತಿಳಿಯುತ್ತದಾ? ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಟಿಂಕರ್:
ಉದ್ದದ್ದು ಚಾಸಿಸ್ ನಂಬರ್, ವಿಐಎನ್ ಅಂತಲೂ ಬರೆದಿರುತ್ತಾರೆ. ಗಿಡ್ಡದ್ದು ಎಂಜಿನ್ ನಂಬರ್. ಎಂಜಿನ್ ಕೆಟ್ಟರೆ ಬೇರೆ ಹಾಕಿಸಬಹುದು, ಆಗ ಆ ನಂಬರೂ ಬದಲಾಗುತ್ತದೆ. ಚಾಸಿಸ್ ನಂಬರ್ ಹಾಗಲ್ಲ, ಗಾಡಿ ಗುಜರಿಗೆ ಹೋಗುವ ತನಕ ಒಂದೇ.

ಮೊದಲು ಹೊರಗೇ ನಿಂತು ಮುಂದಿನ ಗಾಜಿನ ಕೆಳಮೂಲೆಯಲ್ಲಿ ಇಣುಕಿ. ತುಂಬಾ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಅಂಚಿಗೆ ಸಣ್ಣ ಪಟ್ಟಿ ಇರುತ್ತದೆ. ಆಮೇಲೆ ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಮೇಲೆ ಸ್ಟಿಕ್ಕರೋ ತಗಡಿನ ಪ್ಲೇಟೋ ಕಾಣಬಹುದು. ಇವೆರಡೂ ಸುಲಭ, ಆದರೆ ಕಿತ್ತು ಬೇರೆ ಅಂಟಿಸುವುದೂ ಅಷ್ಟೇ ಸುಲಭ. ಬಾಡಿಯ ಲೋಹದ ಮೇಲೇ ಪಂಚ್ ಮಾಡಿದ್ದನ್ನು ನೋಡಬೇಕು. ಅದು ಬಾನೆಟ್ ಒಳಗೆ ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ ಇರಬಹುದು, ಸಸ್ಪೆನ್ಷನ್ ಮೇಲಿನ ಗೂಡಿನ ಹತ್ತಿರ ಇರಬಹುದು, ಇಲ್ಲವೇ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ಟಿನ ಒಂದು ತುಂಡು ಎತ್ತಿದರೆ ಸಿಗಬಹುದು. ಗಾಡಿ ಜೊತೆ ಬಂದ ಪುಸ್ತಕದಲ್ಲಿ ಜಾಗ ತೋರಿಸಿರುತ್ತಾರೆ, ಸುಮ್ನೆ ತಡಕಾಡಬೇಡಿ.

ಸಿಕ್ಕ ಮೇಲೆ ಅವಸರ ಬೇಡ. ಗ್ರೀಸು, ಧೂಳು ಒರೆಸಿ. ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಆಗ ಪ್ರತಿ ಅಂಕಿಯ ಗುಳಿಯಲ್ಲೂ ನೆರಳು ಬೀಳುತ್ತದೆ. ಸಾಲು ನೆಟ್ಟಗಿದೆಯಾ, ಆಳ ಒಂದೇ ಸಮ ಇದೆಯಾ ನೋಡಿ. ಒಂದು ಅಂಕಿ ಮಾತ್ರ ಜಾಸ್ತಿ ಒಳಗೆ ಹೋಗಿದ್ದರೆ, ಗ್ರೈಂಡರ್ ಗೀರು ಕಂಡರೆ, ಅಷ್ಟು ಜಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ, ಸುತ್ತ ವೆಲ್ಡಿಂಗ್ ಗೆರೆ ಇದ್ದರೆ ಆ ಗಾಡಿಯ ಸಹವಾಸ ಬೇಡ. ಕೆಲವು ಕಂಪನಿಯವರು ಅಂಕಿಗಳನ್ನು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತಾರೆ, ಅದನ್ನು ನೋಡಿ ಗಾಬರಿ ಆಗಬೇಡಿ. ಸವೆದು ಓದಲು ಬರದಿದ್ದರೆ ತೆಳು ಕಾಗದ ಇಟ್ಟು, ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿ. ಕಪ್ಪಿನ ನಡುವೆ ಅಂಕಿ ಬಿಳಿಯಾಗಿ ಮೂಡುತ್ತದೆ.

ಲೆಕ್ಕದ ಮಾಸ್ತರ:
ಓದುವ ವಿಚಾರ ನಾನು ಹೇಳುತ್ತೇನೆ, ನನಗೆ ಇದೊಂದು ಹುಚ್ಚು. ಒಟ್ಟು 17 ಅಕ್ಷರ. ಐ, ಓ, ಕ್ಯೂ ಮೂರೂ ಇರುವುದಿಲ್ಲ, 1 ಮತ್ತು 0 ಜೊತೆ ಗೊಂದಲ ಆಗುತ್ತದೆ ಅಂತ ಬಿಟ್ಟಿದ್ದಾರೆ. ಹಾಗಾಗಿ ಓ ಅಂತ ಕಂಡರೆ ಅದು ಸೊನ್ನೆಯೇ.

ಮೊದಲ ಮೂರು ಅಕ್ಷರ ತಯಾರಕರದ್ದು. ಜೆ ಅಂತ ಶುರುವಾದರೆ ಜಪಾನ್, ಡಬ್ಲ್ಯು ಜರ್ಮನಿ, ಎಲ್ ಚೀನಾ, 1, 4, 5 ಅಮೆರಿಕ, ಎಂಎ ಭಾರತ. ಜೆಎಚ್‌ಎಂ ಅಂದರೆ ಹೋಂಡಾ, ಎಂಎ3 ಅಂದರೆ ಮಾರುತಿ ಸುಜುಕಿ. ಮುಂದಿನವು ಮಾಡೆಲ್, ಬಾಡಿ, ಎಂಜಿನ್ ಹೇಳುತ್ತವೆ, ಆದರೆ ಒಂದೊಂದು ಕಂಪನಿಯದು ಒಂದೊಂದು ರೀತಿ. ಕೊನೆಯ ಅಂಕಿಗಳು ಸರಣಿ ಸಂಖ್ಯೆ.

ಒಂಬತ್ತನೆಯದು ಮಜಾ. ಅಮೆರಿಕದ ಗಾಡಿಗಳಲ್ಲಿ ಅದು ತಾಳೆ ನೋಡುವ ಅಂಕಿ. ಪ್ರತಿ ಅಕ್ಷರಕ್ಕೂ ಒಂದು ಬೆಲೆ, ಪ್ರತಿ ಸ್ಥಾನಕ್ಕೂ ಒಂದು ತೂಕ. ಗುಣಿಸಿ, ಕೂಡಿ, 11ರಿಂದ ಭಾಗಿಸಿದರೆ ಉಳಿಯುವ ಶೇಷ ಅಲ್ಲಿ ಕೂತಿರಬೇಕು. ಶೇಷ 10 ಬಂದರೆ ಎಕ್ಸ್ ಬರೆಯುತ್ತಾರೆ. ಆದರೆ ಲೆಕ್ಕ ಸರಿ ಬಂತು ಅಂತ ಗಾಡಿ ಸರಿ ಅಂದುಕೊಳ್ಳಬೇಡಿ. ಹದಿನೇಳೂ ಕಡೆ 1 ಬರೆದು ನೋಡಿ: ತೂಕಗಳ ಮೊತ್ತ 89, ಶೇಷ 1, ಪಾಸ್! ಇದು ಟೈಪಿಂಗ್ ತಪ್ಪು ಹಿಡಿಯಲು ಇರುವ ಲೆಕ್ಕ, ಕಳ್ಳರನ್ನು ಹಿಡಿಯಲು ಅಲ್ಲ. ಇನ್ನೊಂದು ಅಸಲಿ ಕಾರಿನ ನಂಬರನ್ನೇ ನಕಲು ಹೊಡೆದರೆ ಲೆಕ್ಕ ಸರಿಯಾಗಿಯೇ ಬರುತ್ತದೆ ಅಲ್ವಾ?

ಹತ್ತನೆಯದು ಮಾಡೆಲ್ ವರ್ಷ. ವೈ 2000, 1ರಿಂದ 9 ಅಂದರೆ 2001ರಿಂದ 2009, ಎ 2010, ಆರ್ 2024. 30 ವರ್ಷಕ್ಕೊಮ್ಮೆ ಸುತ್ತು ತಿರುಗುತ್ತದೆ, ಅದಕ್ಕೇ ಎ ಅಂದರೆ 1980 ಕೂಡ ಆಗಬಹುದು. ಇನ್ನೊಂದು, ಮಾಡೆಲ್ ವರ್ಷ ಬೇರೆ, ತಯಾರಾದ ವರ್ಷ ಬೇರೆ. 2023ರ ಕೊನೆಗೆ ಹೊರಬಂದ ಗಾಡಿ 2024ರ ಮಾಡೆಲ್ ಆಗಿರಬಹುದು.

ಡೀಸೆಲ್ ಪ್ರಾಣಿ:
ಮಾಸ್ತರೇ, ಹತ್ತನೆಯದರ ನಿಯಮ ಎಲ್ಲ ಕಡೆ ನಡೆಯುವುದಿಲ್ಲ. ಯುರೋಪಿಗೆ ಮಾಡಿದ ಹಳೇ ಮರ್ಸಿಡಿಸ್‌ಗಳಲ್ಲಿ ಆ ಜಾಗದಲ್ಲಿ ಸ್ಟೀರಿಂಗ್ ಯಾವ ಕಡೆ ಅಂತ ಇರುತ್ತದೆ, 1 ಎಡ, 2 ಬಲ. ಅದನ್ನು 2001, 2002 ಅಂತ ಓದಿಬಿಟ್ಟರೆ ಕಥೆ ಮುಗೀತು. ಫೋಕ್ಸ್‌ವ್ಯಾಗನ್‌ನಲ್ಲಿ ನಡುವೆ ಝಡ್ ಝಡ್ ಝಡ್ ಅಂತ ಬಂದರೆ ಅದು ನಕಲಿ ಅಲ್ಲ, ಜಾಗ ತುಂಬಲು ಹಾಕಿದ್ದು. ಜಪಾನಿನ ಒಳ ಮಾರುಕಟ್ಟೆಯ ಕಾರುಗಳಿಗೆ 17 ಅಕ್ಷರವೇ ಇರುವುದಿಲ್ಲ. ಎಇ86 ಥರ ಮಾಡೆಲ್ ಕೋಡ್, ಅಡ್ಡಗೆರೆ, ಆಮೇಲೆ ಸಂಖ್ಯೆ, ಅಷ್ಟೇ. 1981ಕ್ಕಿಂತ ಹಿಂದಿನ ಕಾರಾದರೆ ಕಂಪನಿಗೆ ತಕ್ಕ ಹಾಗೆ ಉದ್ದ ಗಿಡ್ಡ ಹೇಗಾದರೂ ಇರಬಹುದು.

ಬಿಡಿಭಾಗ:
ನಾನು ಸ್ಪೇರ್ಸ್ ಕೌಂಟರಿನಲ್ಲಿ ಕೂರುವವನು. ಒಂದೇ ಮಾಡೆಲ್, ಒಂದೇ ವರ್ಷ, ಆದರೂ ಬ್ರೇಕ್ ಪ್ಯಾಡ್ ಎರಡು ಥರ ಇರುತ್ತವೆ. ಚಾಸಿಸ್ ನಂಬರ್ ಕೊಟ್ಟರೆ ಕಂಪ್ಯೂಟರ್ ಸರಿಯಾದದ್ದನ್ನೇ ತೋರಿಸುತ್ತದೆ. ಖರೀದಿ ಮಾಡುವವರಿಗೆ ಇನ್ನೊಂದು ಉಪಯೋಗ ಇದೆ: ಹೆಚ್ಚಿನ ಕಂಪನಿಗಳ ಸೈಟಿನಲ್ಲಿ ಈ ನಂಬರ್ ಹಾಕಿದರೆ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು) ಬಾಕಿ ಇದೆಯಾ ಅಂತ ಗೊತ್ತಾಗುತ್ತದೆ. ಸಿಡಿಯುವ ದೋಷವಿದ್ದ ಟಕಾಟಾ ಕಂಪನಿಯ ಏರ್‌ಬ್ಯಾಗ್ ಇದ್ದ ಕಾರುಗಳನ್ನು ಗುರುತಿಸಿದ್ದೂ ಈ ನಂಬರಿನಿಂದಲೇ. ಸ್ಕ್ಯಾನರ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ನಂಬರ್ ಓದಿಸಿ, ಇತ್ತೀಚಿನ ಹೆಚ್ಚಿನ ಗಾಡಿಗಳಲ್ಲಿ ಅಲ್ಲೂ ಬರೆದಿಟ್ಟಿರುತ್ತಾರೆ. ಗಾಜು, ಕಂಬ, ಪಂಚಿಂಗ್, ಇಸಿಯು, ಕಾಗದ ಎಲ್ಲದರಲ್ಲೂ ಒಂದೇ ಬರಬೇಕು. ಇಸಿಯು ಬದಲಾಯಿಸಿದ ಗಾಡಿಯಲ್ಲಿ ಬೇರೆ ಬರಬಹುದು, ಆಗ ಬಿಲ್ ಕೇಳಿ. ಪಂಚಿಂಗ್ ಮತ್ತು ಕಾಗದ ತಾಳೆಯಾಗದಿದ್ದರೆ ಮಾತ್ರ ಯಾವ ವಿವರಣೆಯನ್ನೂ ಕೇಳಿಸಿಕೊಳ್ಳಬೇಡಿ.

ಹಾಗೇ, ಗಾಡಿಯ ಫೋಟೊ ಎಲ್ಲಾದರೂ ಹಾಕುವಾಗ ಯಾರೂ ನಕಲು ಹೊಡೆಯದ ಹಾಗೆ ಚಾಸಿಸ್ ನಂಬರಿನ ಕೊನೆಯ ಆರು ಅಂಕಿ ಮುಚ್ಚಿ.

ನಿಧಾನ ಸವಾರ:
ಎಲ್ಲರಿಗೂ ಥ್ಯಾಂಕ್ಸ್. ಮತ್ತೆ ಫೋಟೊ ಹಿಗ್ಗಿಸಿ ನೋಡಿದೆ, ಎಷ್ಟು ಎಣಿಸಿದರೂ 16 ಅಕ್ಷರವೇ ಸಿಗುತ್ತಿದೆ! ಕಾರು ಅಷ್ಟೇನೂ ಹಳೆಯದಲ್ಲ.

ಟಿಂಕರ್:
ಕಾಗದದಲ್ಲಿ ಒಂದು ಅಕ್ಷರ ಬಿಟ್ಟು ಟೈಪ್ ಮಾಡಿರಬಹುದು. ಗಾಡಿ ಮೇಲಿನದನ್ನು ನೀವೇ ಒಂದೊಂದಾಗಿ ಬರೆದುಕೊಂಡು ಪಕ್ಕದಲ್ಲಿಟ್ಟು ಹೋಲಿಸಿ. ಉಳಿದ 16 ಅದೇ ಕ್ರಮದಲ್ಲಿ ಬಂದರೆ ಬರಹದ ತಪ್ಪು ಅಂತ ಇಟ್ಟುಕೊಳ್ಳಬಹುದು. ಆದರೂ ಮಾರುವವರೇ ಅದನ್ನು ತಿದ್ದಿಸಿ ಕೊಡಲಿ, ಅಲ್ಲಿಯವರೆಗೆ ಮುಂಗಡ ಕೊಡಬೇಡಿ. ನಿಮ್ಮ ಹೆಸರಿಗೆ ಆದ ಮೇಲೆ ಆ ಓಡಾಟವೆಲ್ಲ ನಿಮ್ಮ ತಲೆಗೇ ಬರುತ್ತದೆ, ವಿಮೆಯವರೂ ಕ್ಲೇಮ್ ಹೊತ್ತಿಗೆ ಅದನ್ನೇ ಹಿಡಿದು ಎಳೆದಾಡುತ್ತಾರೆ.