ಓಟದ ಗುಂಪಿನವರ ಶ್ರಮವನ್ನು ಹೇಗೆ ಗುರುತಿಸೋಣ? ಮಾಡಿ ನೋಡಿದವರು ಹೇಳಿ

ಕೇಳಿದವರು, ತೀರ್ಥಹಳ್ಳಿ:
ನಮಸ್ಕಾರ. ನಮ್ಮದು ಬೆಳಗಿನ ಓಟದ ಸಣ್ಣ ಗುಂಪು. 26 ಜನ ಇದ್ದೇವೆ. ಮೇಷ್ಟ್ರು, ಅಂಗಡಿಯವರು, ತೋಟದವರು, ಇಬ್ಬರು ನರ್ಸ್‌ಗಳು, ಕಾಲೇಜು ಹುಡುಗರು. ಡಿಸೆಂಬರಿಗೆ ಎರಡು ವರ್ಷ ತುಂಬುತ್ತದೆ. ಅವತ್ತು ಎಲ್ಲರ ಶ್ರಮ ನೆನೆದು ಏನಾದರೂ ಮಾಡಬೇಕು ಅಂತ ಆಸೆ. ಒಬ್ಬ ಹುಡುಗ 10 ಕಿ.ಮೀ.ಯನ್ನು 42 ನಿಮಿಷಕ್ಕೆ ಓಡುತ್ತಾನೆ. 58 ವರ್ಷದ ಒಬ್ಬರು ಅಮ್ಮ ಹೋದ ವಾರವಷ್ಟೇ 3 ಕಿ.ಮೀ. ನಿಲ್ಲದೆ ಓಡಿದರು. ಇಬ್ಬರನ್ನೂ ಒಂದೇ ದಿನ ಹೇಗೆ ಮೆಚ್ಚಿಕೊಳ್ಳುವುದು? ದುಡ್ಡು ಜಾಸ್ತಿ ಇಲ್ಲ.

ಗೋಪಾಳ, ಶಿವಮೊಗ್ಗ:
ನಮ್ಮ ಗುಂಪಿಗೆ ಈಗ ಏಳನೇ ವರ್ಷ. ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ವರ್ಷದ ಕೊನೆಗೆ ಒಂದು ಓಟ ಇಟ್ಟೆವು. ಮೊದಲು ಬಂದ ಮೂವರಿಗೆ ಕಪ್ ಕೊಟ್ಟು ಶಾಲು ಹೊದೆಸಿದೆವು. ಮೂವರೂ ಇಪ್ಪತ್ತರ ಆಸುಪಾಸಿನ ಹುಡುಗರು. ಒಳ್ಳೆಯವರೇ, ಅವರ ಮೇಲೆ ನನ್ನ ದೂರಿಲ್ಲ. ಆದರೆ ಮುಂದಿನ ವಾರದಿಂದ ನಾಲ್ಕು ಜನ ಹೆಂಗಸರು ಬರುವುದನ್ನೇ ಬಿಟ್ಟರು. ಒಬ್ಬರ ಮನೆಗೆ ಹೋಗಿ ಕೇಳಿದೆ. "ನೀವು ಓಡೋರು, ನಾವು ಸುಮ್ನೆ ಹಿಂದೆ ಬರೋರು ಅಲ್ವಾ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಅವರು ವರ್ಷವಿಡೀ ನಾಲ್ಕೂವರೆಗೆ ಎದ್ದು, ಮನೆಯವರ ತಿಂಡಿಗೆ ಎಲ್ಲ ಅಣಿ ಮಾಡಿಟ್ಟು ಬರುತ್ತಿದ್ದರು. ಅದು ನಮ್ಮ ಕಣ್ಣಿಗೆ ಬಿದ್ದಿರಲೇ ಇಲ್ಲ. ಯಾಕೆಂದರೆ ನಾವು ಬರೆದಿಡುತ್ತಿದ್ದದ್ದು ಸಮಯ ಒಂದನ್ನೇ.

ಆಮೇಲೆ 200 ಪುಟದ ಒಂದು ನೋಟ್‌ಬುಕ್ ತಂದೆ. ನನ್ನ ಸಲಹೆಯ ಮುಕ್ಕಾಲು ಪಾಲು ಅದೇ. ಒಬ್ಬೊಬ್ಬರಿಗೆ ನಾಲ್ಕು ಪುಟ. ಬಂದ ದಿನ, ಓಡಿದ ದೂರ, ಜೊತೆಗೆ ಏನಾದರೂ ಇದ್ದರೆ ಒಂದು ಸಾಲು. "ನಾಲೆ ಏರಿ ಮೇಲೆ ಮೊದಲ ಸಲ ನಡೆಯದೆ ಓಡಿದರು." "ಮಂಡಿ ನೋವಾದ ಮೇಲೆ ಮೊದಲ ದಿನ." "ಮಗಳನ್ನೂ ಕರೆತಂದರು." ಓಟ ಮುಗಿದ ಮೇಲೆ ನೆಹರೂ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು ಬರೆಯುತ್ತೇನೆ. ಐದು ನಿಮಿಷ ಸಾಕು. ವರ್ಷದ ಕೊನೆಗೆ ಯಾರ ಬಗ್ಗೆ ಏನು ಹೇಳಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪುಸ್ತಕ ಬಿಚ್ಚಿ ಓದಿದರಾಯಿತು.

ನಿಮ್ಮ ಹುಡುಗನನ್ನೂ ಆ ಅಮ್ಮನನ್ನೂ ಅಕ್ಕಪಕ್ಕ ನಿಲ್ಲಿಸಿ ಅಳೆಯಬೇಡಿ. ಅವನು ಹೋದ ವರ್ಷ ಎಷ್ಟು ಹೊತ್ತಿಗೆ ಮುಗಿಸುತ್ತಿದ್ದ? 49 ನಿಮಿಷದಿಂದ 42ಕ್ಕೆ ಇಳಿದಿದ್ದರೆ ಅದು ದೊಡ್ಡ ಕೆಲಸ, ಬಾಯಿ ತುಂಬ ಹೇಳಿ. ವೇಗವನ್ನು ಮುಚ್ಚಿಡಬೇಕಿಲ್ಲ, ಅವನೂ ಬೆವರು ಸುರಿಸಿದ್ದಾನೆ. ಆ ಅಮ್ಮ ಶುರುವಿನಲ್ಲಿ ಹೇಗೆ ಓಡುತ್ತಿದ್ದರು? ನಮ್ಮಲ್ಲಿ ಹೊಸಬರು ಎರಡು ಕರೆಂಟ್ ಕಂಬದಷ್ಟು ದೂರ ಓಡಿ, ಆಮೇಲೆ ಎರಡು ಕಂಬದಷ್ಟು ನಡೆಯುತ್ತಾರೆ. ಅಲ್ಲಿಂದ ನಿಲ್ಲದ 3 ಕಿ.ಮೀ. ತನಕ ಬರಲು ತಿಂಗಳುಗಟ್ಟಲೆ ಬೇಕು. ಆ ಕಂಬಗಳ ಲೆಕ್ಕವನ್ನೇ ಎಲ್ಲರ ಮುಂದೆ ಹೇಳಿ. ಕೇಳಿದವರಿಗೆ ಅದರ ತೂಕ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನಾವು ಪಾರ್ಕ್‌ರನ್‌ನವರಿಂದ ಕಲಿತದ್ದು. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದ ಓಟ ಅದು. ಪ್ರತಿ ಶನಿವಾರ 5 ಕಿ.ಮೀ. ಅಲ್ಲಿ ದೊಡ್ಡ ಗೌರವ 25, 50, 100 ಸಲ ಬಂದು ಓಡಿದವರಿಗೆ. ಆ ಅಂಕಿಯ ಟೀ ಶರ್ಟ್ ಹಾಕಿಕೊಳ್ಳಬಹುದು. ಓಡದೆ ನಿಂತು ಸಮಯ ಬರೆದವರಿಗೂ, ದಾರಿ ತೋರಿಸಿದವರಿಗೂ ಇಂಥದೇ ಲೆಕ್ಕ ಇದೆ.

ನಾವು ಇದನ್ನು ನಮ್ಮ ಮಳೆಗೆ ಒಗ್ಗಿಸಿಕೊಂಡೆವು. ಆರಿದ್ರೆಯಿಂದ ಆಶ್ಲೇಷ ಮಳೆಯ ತನಕ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, 25 ಬೆಳಗು ಬಂದವರನ್ನು ಆ ವರ್ಷದ ಮಳೆಗಾಲದ ಓಟಗಾರರು ಅನ್ನುತ್ತೇವೆ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ. ಶೂಗೆ ಪೇಪರ್ ತುರುಕಿ ರಾತ್ರಿ ಬಚ್ಚಲೊಲೆ ಪಕ್ಕ ಇಟ್ಟರೂ ಬೆಳಗ್ಗೆ ತೇವ ಹಾಗೇ ಇರುತ್ತದೆ. ದಾರಿ ತುಂಬ ಪಾಚಿ. ಐದೂವರೆಗೂ ಕತ್ತಲು. ಹೊದಿಕೆ ಬಿಟ್ಟು ಏಳಲು ಮನಸ್ಸೇ ಬರುವುದಿಲ್ಲ. ಮೊದಲ ಸಲ ಲೆಕ್ಕ ಹಾಕಿದಾಗ ಏಳು ಜನ ಸಿಕ್ಕರು. ಕಪ್ ಗೆದ್ದಿದ್ದ ಹುಡುಗರಲ್ಲಿ ಒಬ್ಬನಿದ್ದ. ಬಿಟ್ಟುಹೋಗಿ ಮತ್ತೆ ಬಂದಿದ್ದ ಹೆಂಗಸರಲ್ಲಿ ಮೂವರಿದ್ದರು.

ಆದರೆ "ಒಂದು ದಿನವೂ ತಪ್ಪಿಸದವರು" ಅಂತ ಮಾತ್ರ ಇಡಬೇಡಿ. ನಮ್ಮಲ್ಲಿ ಒಬ್ಬರು 70 ದಿನದ ಸಾಲು ಮುರಿಯಬಾರದು ಅಂತ ಜ್ವರದಲ್ಲೇ ಓಡಿದರು. ಎರಡು ವಾರ ಹಾಸಿಗೆ ಹಿಡಿದರು. ಜ್ವರ ಇರುವಾಗ ಓಡಿದರೆ ಹೃದಯಕ್ಕೂ ಅಪಾಯ. ಹಾಗಾಗಿ ಈಗ ಒಟ್ಟು ಎಷ್ಟು ಬೆಳಗು ಅಂತ ಎಣಿಸುತ್ತೇವೆ. ಬಾಣಂತನ, ಆಪರೇಷನ್, ಮನೆಯಲ್ಲಿ ಸಾವು ಅಂತ ಬಿಟ್ಟು ಮತ್ತೆ ಬಂದವರ ಹೆಸರನ್ನು ಎಲ್ಲಕ್ಕಿಂತ ಮೊದಲು ಓದುತ್ತೇವೆ.

ಸಾಗರ:
ಪುಸ್ತಕ ನಮ್ಮಲ್ಲೂ ಇದೆ, ಅದರ ಬಗ್ಗೆ ಅಣ್ಣ ಹೇಳಿಯಾಗಿದೆ. ನಾನು ಉಡುಗೊರೆ ವಿಷಯ ಹೇಳುತ್ತೇನೆ. ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿರುತ್ತೀರಿ. ನಮ್ಮ ಗುಂಪಿನ ಒಬ್ಬರು ಅಕ್ಕನಿಗೆ ಅದು ಚೆನ್ನಾಗಿ ಬರುತ್ತದೆ. ಅಡಿಕೆ ಹಾಳೆಯನ್ನು ಚೌಕಾಕಾರಕ್ಕೆ ಕತ್ತರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಅಂಚು ಬರೆದರು. ನಡುವೆ ಹೆಸರು. ಕೆಳಗೆ ಪುಸ್ತಕದಿಂದ ಅವರದೇ ಒಂದು ಸಾಲು. ಒಂದಕ್ಕೆ ಹತ್ತು ರೂಪಾಯಿಯೂ ಆಗಲಿಲ್ಲ. ಒಬ್ಬರ ಮನೆಗೆ ಹೋದಾಗ ದೇವರ ಗೂಡಿನ ಪಕ್ಕವೇ ಅದನ್ನು ತೂಗುಹಾಕಿದ್ದರು. ನನಗೆ ಕಣ್ಣು ತುಂಬಿ ಬಂತು.

ಒಂದು ಎಚ್ಚರ. ನಮ್ಮಲ್ಲಿ ಒಬ್ಬರು 14 ಕೆಜಿ ಇಳಿಸಿದ್ದರು. ಪ್ರೀತಿಯಿಂದಲೇ ಮೈಕಿನಲ್ಲಿ ಹೇಳಿದೆವು. ಅವರ ಮುಖ ಬಾಡಿಹೋಯಿತು. ತಾವು ಇಷ್ಟು ದಪ್ಪ ಇದ್ದೆವು ಅಂತ ಊರಿಗೆಲ್ಲ ಸಾರಿದ ಹಾಗಾಯಿತು ಅಂತ ಆಮೇಲೆ ಹೇಳಿದರು. ತೂಕ, ಸಕ್ಕರೆ ಕಾಯಿಲೆ, ಮನೆಯ ಕಷ್ಟ ಇವನ್ನೆಲ್ಲ ಅವರು ಒಪ್ಪಿದರೆ ಮಾತ್ರ ಹೇಳಿ. ಮುಂಚೆಯೇ ಫೋನ್ ಮಾಡಿ ಕೇಳಿಬಿಡಿ.

ಮತ್ತೆ ಡಿಸೆಂಬರ್ ಅಂದರೆ ಅಡಿಕೆ ಗೊನೆ ಕೊಯ್ಲಿನ ಕಾಲ. ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿದು ಬೆಳಗ್ಗೆ ಓಡಲು ಬರುವವರು ನಿಮ್ಮಲ್ಲೂ ಇರುತ್ತಾರೆ. ಸಂಜೆ ಕಾರ್ಯಕ್ರಮ ಇಟ್ಟರೆ ಅವರೇ ತಪ್ಪಿಹೋಗುತ್ತಾರೆ. ಬೆಳಗಿನ ಓಟ ಮುಗಿದ ಕೂಡಲೇ ಅಲ್ಲೇ ಇಡಿ. ಅವಲಕ್ಕಿ, ಕಾಫಿ ಸಾಕು.

ಭದ್ರಾವತಿ:
ವಯಸ್ಸಿನ ಅಂತರಕ್ಕೆ ಏಜ್ ಗ್ರೇಡಿಂಗ್ ಅನ್ನುವ ಲೆಕ್ಕ ಇದೆ. ಆ ವಯಸ್ಸಿನ ಗಂಡಸರದೋ ಹೆಂಗಸರದೋ ಅತ್ಯುತ್ತಮ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿ ಶೇಕಡಾ ತೆಗೆಯುವುದು. ನಾವು ಒಂದು ವರ್ಷ ಮಾಡಿದೆವು. ಹಿರಿಯರಿಗೆ ಖುಷಿಯಾಯಿತು, ನಿಜ. ಆದರೆ ಕೊನೆಗೆ ಅದೂ ಮೊದಲನೆಯವರು, ಎರಡನೆಯವರು ಅಂತಲೇ ಆಯಿತು. ಬಿಟ್ಟೆವು.

ನಾವು ಬಿಡದೆ ಮಾಡುವುದು ಒಂದೇ. ಕೊನೆಯವರು ಬರುವ ತನಕ ಯಾರೂ ಮನೆಗೆ ಹೋಗುವುದಿಲ್ಲ. ಮೊದಲು ಮುಗಿಸಿದವರು ನೀರು ಕುಡಿದು ವಾಪಸ್ ಹೋಗಿ, ಕೊನೆಯವರ ಜೊತೆ ಓಡಿ ಬರುತ್ತಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ದಾರಿಯಲ್ಲಿ ಬಿದ್ದು ಮಂಡಿಗೆ ಪೆಟ್ಟು ಮಾಡಿಕೊಂಡರು. ಪಟ್ಟಿ ಕಟ್ಟಿಕೊಂಡು ಕುಂಟುತ್ತಲೇ 42.195 ಕಿ.ಮೀ. ಮುಗಿಸಿದರು. ಗೆದ್ದವರು ಗುರಿ ಮುಟ್ಟಿ ಆಗಲೇ ಒಂದು ಗಂಟೆ ದಾಟಿತ್ತು. ಕ್ರೀಡಾಂಗಣದಲ್ಲಿ ಉಳಿದಿದ್ದ ಸ್ವಲ್ಪ ಜನ ಅವರಿಗೆ ಚಪ್ಪಾಳೆ ತಟ್ಟಿದರು. ಈ ಕತೆಯನ್ನು ನಮ್ಮ ಹುಡುಗರಿಗೆ ಹೇಳಿದ ಮೇಲೆ, ವಾಪಸ್ ಹೋಗಿ ಅಂತ ಯಾರಿಗೂ ಹೇಳಬೇಕಾಗಿ ಬಂದಿಲ್ಲ.

ಕೇಳಿದವರು, ತೀರ್ಥಹಳ್ಳಿ:
ಎಲ್ಲರಿಗೂ ತುಂಬ ಧನ್ಯವಾದ. ಕಪ್ಪಿನ ಯೋಚನೆ ಬಿಟ್ಟೆವು. ಆದರೆ ನಾವು ಎರಡು ವರ್ಷದಿಂದ ಏನೂ ಬರೆದಿಟ್ಟಿಲ್ಲವಲ್ಲ, ಈಗ ಏನು ಮಾಡುವುದು?

ಗೋಪಾಳ, ಶಿವಮೊಗ್ಗ:
ಚಿಂತೆ ಬೇಡ. ವಾಟ್ಸಾಪಿನಲ್ಲಿ ಹಳೆಯ ಫೋಟೋಗಳು ಇರುತ್ತವೆ, ತಾರೀಖಿನ ಸಮೇತ. ಅದಕ್ಕಿಂತ ಒಳ್ಳೆಯದು, ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ತಮ್ಮ ಬಗ್ಗೆ ಅಲ್ಲ, ಗುಂಪಿನ ಇನ್ನೊಬ್ಬರ ಬಗ್ಗೆ ತಾವು ಕಣ್ಣಾರೆ ಕಂಡ ಒಂದು ಸಂಗತಿ ಬರೆಯಲಿ. ಯಾರ ಹೆಸರೂ ಬಿಟ್ಟುಹೋಗದ ಹಾಗೆ ನೀವು ನೋಡಿಕೊಳ್ಳಿ.

ಕೇಳಿದವರು, ತೀರ್ಥಹಳ್ಳಿ:
ಇವತ್ತು ಬೆಳಗ್ಗೆ ಚೀಟಿ ಹಂಚಿದೆ. ಆ 58ರ ಅಮ್ಮ ಅಲ್ಲೇ ನಿಂತು ಬರೆದು ಕೊಟ್ಟರು. ಇಬ್ಬರು ನರ್ಸ್‌ಗಳಲ್ಲಿ ಚಿಕ್ಕವಳ ಬಗ್ಗೆ. "ರಾತ್ರಿ ಪಾಳಿ ಮುಗಿಸಿ ಬಂದು, ಎಂಟು ತಿಂಗಳು ನನ್ನ ಜೊತೆ ನಿಧಾನವಾಗಿ ಓಡಿದಳು. ಮುಂದೆ ಹೋಗು ಅಂದರೂ ಹೋಗಲಿಲ್ಲ." ನಾವ್ಯಾರೂ ಅದನ್ನು ಗಮನಿಸಿರಲಿಲ್ಲ. ಸಂಜೆ ನೋಟ್‌ಬುಕ್ ತಂದು ಮೊದಲ ಪುಟಕ್ಕೆ ಆ ಚೀಟಿಯನ್ನು ಅಂಟಿಸಿದೆ.