ಚಿಕ್ಕಪ್ಪನ ಕೈ ನಡುಕ, ಮಾತ್ರೆ, ಸಿಗರೇಟು

ಅತ್ತೆ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಕಳಿಸ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ. ಖಿನ್ನತೆ ಮಾತ್ರೆ ಮೆದುಳಲ್ಲಿ ಸಂದೇಶ ಸಾಗಿಸೋ ಡೋಪಮೈನ್ ಅನ್ನೋ ರಾಸಾಯನಿಕವನ್ನ ಸಾಯಿಸುತ್ತೆ, ಸಿಗರೇಟು ಉಳಿಸುತ್ತೆ, ಡೋಪಮೈನ್ ಕಮ್ಮಿಯಾಗಿ ಕೈ ನಡುಗೋ ಪಾರ್ಕಿನ್ಸನ್ ಕಾಯಿಲೆ ಸೇದೋರಿಗೆ ಬರಲ್ಲ ಅಂತ ಒಂದು ಫಾರ್ವರ್ಡ್ ಹಾಕಿದ್ರಲ್ಲ, ಅದಕ್ಕೆ ಇದು. ಕೈ ನಡುಗ್ತಿರೋ ಚಿಕ್ಕಪ್ಪ ಅದನ್ನ ಓದಿ ತಮ್ಮ ಖಿನ್ನತೆ ಮಾತ್ರೆ ಸರ್ಟ್ರಾಲಿನ್ ನಿಲ್ಲಿಸ್ತೀನಿ ಅಂತಿದಾರೆ. ಪೂರ್ತಿ ಸುಳ್ಳಾಗಿದ್ರೆ ಡಿಲೀಟ್ ಮಾಡಿ ಸುಮ್ಮನಾಗ್ತಿದ್ದೆ. ಒಂದೊಂದು ಚೂರು ನಿಜ ಬೆರೆತಿದೆ, ಅದೇ ಪೀಕಲಾಟ.

ಡೋಪಮೈನಿಗೂ ಚಲನೆಗೂ ನಂಟು ಇರೋದು ನಿಜ. ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್ಸನ್ 1950ರ ದಶಕದಲ್ಲಿ ಮೊಲಗಳಿಗೆ ಮೆದುಳಿನ ಡೋಪಮೈನ್ ಖಾಲಿ ಮಾಡೋ ರೆಸರ್ಪಿನ್ ಅನ್ನೋ ಔಷಧಿ ಕೊಟ್ರು, ಅವು ಮಿಸುಕಾಡದೆ ಬಿದ್ದುಕೊಂಡ್ವು. ಮೆದುಳಲ್ಲಿ ಡೋಪಮೈನ್ ಆಗೋ ಎಲ್-ಡೋಪಾ ಚುಚ್ಚಿದ ಮೇಲೆ ಮತ್ತೆ ಎದ್ದು ಓಡಾಡಿದ್ವು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಮಾತ್ರೆ ವಿಷಯ. ಸರ್ಟ್ರಾಲಿನ್ ಹೆಚ್ಚಿಸೋದು ಸಿರೊಟೋನಿನ್ ಅನ್ನೋ ಇನ್ನೊಂದು ಮೆದುಳಿನ ರಾಸಾಯನಿಕವನ್ನ. ಅದು ಕೆಲವು ಕಡೆ ಡೋಪಮೈನ್ ಕೋಶಗಳಿಗೆ ಬ್ರೇಕ್ ಹಾಕುತ್ತೆ. ಕೊಲ್ಲುತ್ತೆ ಅನ್ನೋದೆಲ್ಲ ಕಟ್ಟುಕತೆ. ಕೆಲವರಿಗೆ ಸಣ್ಣ ನಡುಕ ಬರುತ್ತೆ, ಕೆಲವರಿಗೆ ಕೂತಲ್ಲಿ ಕೂರಕ್ಕಾಗದ ಚಡಪಡಿಕೆ, ಅಪರೂಪಕ್ಕೆ ಪಾರ್ಕಿನ್ಸನ್ ಥರಾ ಬಿಗಿತ. ಡಾಕ್ಟರ್ ಡೋಸ್ ಇಳಿಸಿದ್ರೆ ಅಥವಾ ಮಾತ್ರೆ ಬದಲಾಯಿಸಿದ್ರೆ ಸಾಮಾನ್ಯವಾಗಿ ಸರಿ ಹೋಗುತ್ತೆ.

ಇನ್ನೊಂದು ಕೇಳಿ, ನನಗೆ ತುಂಬಾ ಸ್ವಾರಸ್ಯ ಅನ್ನಿಸಿದ್ದು ಇದು. ಬುಪ್ರೋಪಿಯಾನ್ ಅಂತ ಇನ್ನೊಂದು ಖಿನ್ನತೆ ಮಾತ್ರೆ ಇದೆ. ಅದು ಡೋಪಮೈನನ್ನ ಹೆಚ್ಚು ಹೊತ್ತು ಉಳಿಸುತ್ತೆ, ಸಿಗರೇಟು ಬಿಡಿಸೋಕೂ ಕೊಡ್ತಾರೆ. ಅದರಿಂದಲೂ ಕೈ ನಡುಗಬಹುದು! ಅಂದ್ಮೇಲೆ ನಡುಕ ಬಂತು ಅಂದ್ರೆ ಡೋಪಮೈನ್ ಖಾಲಿಯಾಯ್ತು ಅನ್ನೋ ಲೆಕ್ಕ ಎಲ್ಲಿ ನಿಲ್ಲುತ್ತೆ? ಸಿಗರೇಟಲ್ಲಿರೋ ನಿಕೋಟಿನ್ನೂ ಕೈ ನಡುಗಿಸುತ್ತೆ ಅತ್ತೆ. ಚಿಕ್ಕಪ್ಪ ಮಾತ್ರೆಗೆ ಮಾತ್ರ ಬೈತಿದಾರೆ.

ಸಿಗರೇಟಿನ ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟಿ ಡೋಪಮೈನನ್ನ ಚಿಮ್ಮಿಸುತ್ತೆ. ಆಮೇಲೆ ನಿಕೋಟಿನ್ ಹೋಗಿ ಅಂಟಿಕೊಳ್ಳೋ ಗ್ರಾಹಕಗಳು, ಅಂದ್ರೆ ಮೆದುಳಿನ ಕೋಶಗಳ ಮೇಲಿರೋ ಬೀಗದಂಥ ಭಾಗಗಳು, ಮಂಕಾಗ್ತವೆ, ಅವುಗಳ ಸಂಖ್ಯೆಯೂ ಏರುತ್ತೆ, ಮತ್ತೊಂದು ಸಿಗರೇಟು ಬೇಕು ಅನ್ನಿಸುತ್ತೆ. ಸೇದೋರಲ್ಲಿ ಪಾರ್ಕಿನ್ಸನ್ ಕಮ್ಮಿ ಕಾಣಿಸಿದೆ, ಹೌದು. ಆದ್ರೆ ಕಾಯಿಲೆ ಶುರುವಾದವರಿಗೆ ನಿಕೋಟಿನ್ ಪ್ಯಾಚ್ ಹಚ್ಚಿ ನೋಡಿದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಕಾಯಿಲೆ ನಿಧಾನ ಆಗಲೇ ಇಲ್ಲ.

ಚಿಕ್ಕಪ್ಪ, ಮಾತ್ರೆ ಏಕಾಏಕಿ ನಿಲ್ಲಿಸಬೇಡಿ. ತಲೆಸುತ್ತು, ವಾಕರಿಕೆ, ತಲೆಯೊಳಗೆ ಶಾಕ್ ಹೊಡೆದ ಹಾಗೆ ಆಗೋದು, ಎಲ್ಲಾ ಬರಬಹುದು. ಕೈ ಸುಮ್ಮನೆ ತೊಡೆ ಮೇಲಿಟ್ಟಾಗ ನಡುಗುತ್ತಾ, ಇಲ್ಲ ಲೋಟ ಹಿಡಿದಾಗಲಾ, ಎರಡನ್ನೂ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಪಾರ್ಕಿನ್ಸನ್ ನಡುಕ ಹೆಚ್ಚಾಗಿ ಕೈ ವಿಶ್ರಾಂತಿಯಲ್ಲಿದ್ದಾಗ, ಒಂದೇ ಕಡೆ ಶುರುವಾಗುತ್ತೆ. ವಾಂತಿಗೆ ಮೆಟೊಕ್ಲೊಪ್ರಮೈಡ್ ಏನಾದ್ರೂ ತಗೊಂಡಿದ್ರೆ ಅದನ್ನೂ ಹೇಳಿ, ಅದು ನೇರವಾಗಿ ಡೋಪಮೈನಿಗೇ ಅಡ್ಡ ನಿಲ್ಲುತ್ತೆ. ದಿನಕ್ಕೆ ಎಷ್ಟು ಸಿಗರೇಟು ಅನ್ನೋದನ್ನೂ ಮುಚ್ಚಿಡಬೇಡಿ. ಚಿಕ್ಕಮ್ಮ ಪಕ್ಕದಲ್ಲಿದ್ರೆ ಅವರನ್ನ ಹೊರಗೆ ಕೂರಿಸಿ ಹೇಳಿ, ಆದ್ರೆ ಹೇಳಿ.